ಹೃದಯದ ಧಮನಿಗೆ ಅಳವಡಿಸುವ ಜಾಲರಿ: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

ಹುಟ್ಟಿದಂದಿನಿಂದ ಕೊನೆಯುಸಿರಿನವರೆಗೆ ಒಂದು ಗಳಿಗೆಯೂ ವಿಶ್ರಮಿಸದೆ ದುಡಿಯುವ ಅವಯವವೆಂದರೆ ಹೃದಯ. ಮುಷ್ಟಿಯ ಗಾತ್ರದ ಈ ಮಾಂಸದ ಪಂಪು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿದು, ಅಂಗಾಲಿನಿಂದ ನೆತ್ತಿಯವರೆಗೆ ರಕ್ತವನ್ನು ಕಳುಹಿಸುತ್ತದೆ. ಆದರೆ ಸದಾಕಾಲ ತನ್ನೊಳಗೆ ರಕ್ತ ತುಂಬಿದ್ದರೂ ಹೃದಯದ ಸ್ನಾಯುವು ಆ ರಕ್ತದಿಂದ ನೇರವಾಗಿ ಪೋಷಣೆಯನ್ನು ಪಡೆಯಲಾರದು. ಮಹಾಧಮನಿಯ ಬುಡದಿಂದ ಹೊರಡುವ ಎರಡು ಸಣ್ಣ ಧಮನಿಗಳು ಹೃದಯದ ಮೇಲ್ಮೈಯನ್ನು ಕಿರೀಟದಂತೆ ಸುತ್ತುವರಿದು, ಕವಲೊಡೆದು, ಸ್ನಾಯುವಿಗೆ ರಕ್ತವನ್ನು ಒದಗಿಸುತ್ತವೆ. ಇವುಗಳನ್ನು ಕಿರೀಟ ಧಮನಿಗಳೆಂದು ಕರೆಯುವರು. ಇವುಗಳ ಅಗಲ ಎರಡರಿಂದ ನಾಲ್ಕು ಮಿಲಿಮೀಟರು, ಅಂದರೆ ಜೋಳದ ಕಾಳಿನಷ್ಟು ಮಾತ್ರ.

ಮಲಪ್ರಭಾ ಕಾಲುವೆಯ ನೀರನ್ನು ನಂಬಿ ಬೇಸಾಯ ಮಾಡುವ ಬಾದಾಮಿ ಸೀಮೆಯ ರೈತರಿಗೆ ಈ ರೋಗದ ಸ್ವರೂಪವನ್ನು ವಿವರಿಸುವುದು ಸುಲಭ. ಕಾಲುವೆಯಲ್ಲಿ ಹೂಳು ತುಂಬಿದರೆ ಹರಿವು ಕುಂದುತ್ತದೆ. ಮೇಲಿನ ಹೊಲಗಳಿಗೆ ಹೇಗೋ ನೀರು ಮುಟ್ಟಿದರೂ ಕೊನೆಯ ಹೊಲದ ಪೈರು ಬಾಡುತ್ತದೆ. ಹಾಗೆಯೇ ಹಲವು ವರ್ಷಗಳ ಅವಧಿಯಲ್ಲಿ ಧಮನಿಯ ಗೋಡೆಯಲ್ಲಿ ಕೊಬ್ಬು ಶೇಖರಗೊಂಡು ಹಾದಿ ಕಿರಿದಾಗುತ್ತದೆ. ತಂಬಾಕು, ಸಿಹಿಮೂತ್ರ ರೋಗ, ಅಧಿಕ ರಕ್ತದೊತ್ತಡ, ರಕ್ತದಲ್ಲಿ ಹೆಚ್ಚಿದ ಕೊಬ್ಬು, ವಂಶದ ಗುಣ ಇವೇ ಈ ಹೂಳಿನ ಮೂಲಗಳು. ಸುಮ್ಮನೆ ಕುಳಿತಾಗ ಸಾಲುವಷ್ಟು ರಕ್ತ ಏರು ಹತ್ತುವಾಗ, ಗೊಬ್ಬರದ ಬುಟ್ಟಿ ಹೊರುವಾಗ ಸಾಲದೆ ಹೋಗುತ್ತದೆ. ಆಗ ಎದೆಯಲ್ಲಿ ಬಿಗಿತ ತೋರಿ, ನಿಂತರೆ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಇದು ಒಂದು ಸ್ಥಿತಿ. ಇನ್ನೊಂದು ಸ್ಥಿತಿ ಇದಕ್ಕಿಂತ ಭಯಂಕರವಾದುದು: ಕೊಬ್ಬಿನ ಗಡ್ಡೆ ಒಮ್ಮೆಲೇ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ಧಮನಿ ಪೂರ್ತಿಯಾಗಿ ಮುಚ್ಚಿಹೋಗುವುದು. ಇದೇ ಹೃದಯಾಘಾತ. ಈ ಎರಡು ಸ್ಥಿತಿಗಳ ಭೇದವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಮಾತುಗಳೆಲ್ಲ ಇದನ್ನೇ ಅವಲಂಬಿಸಿವೆ.

ಕಿರಿದಾದ ಧಮನಿಯನ್ನು ಅಗಲಿಸಿ, ಮತ್ತೆ ಮುಚ್ಚದಂತೆ ಒಳಗಿನಿಂದ ಆತುಕೊಡುವ ಲೋಹದ ಸಣ್ಣ ಜಾಲರಿ ಕೊಳವೆಗೆ ಸ್ಟೆಂಟ್ ಎಂದು ಹೆಸರು. ನಮ್ಮ ಭಾಗದಲ್ಲಿ ಜನರು ಇದನ್ನು "ಸ್ಪ್ರಿಂಗ್ ಹಾಕ್ಯಾರ" ಎಂದೂ, ಕೆಲವರು "ಎದಿಗೆ ಮಷೀನು ಕೂಡಿಸ್ಯಾರ" ಎಂದೂ ಹೇಳುವುದುಂಟು. ಸ್ಪ್ರಿಂಗ್ ಎಂಬ ಮಾತು ಅಷ್ಟೇನೂ ತಪ್ಪಲ್ಲ. ಆದರೆ ಇದು ಯಂತ್ರವಲ್ಲ. ಇದಕ್ಕೆ ಬ್ಯಾಟರಿಯಿಲ್ಲ, ಇದು ಬಡಿಯುವುದೂ ಇಲ್ಲ. ಬಡಿತದ ಲಯ ತಪ್ಪಿದವರಿಗೆ ಚರ್ಮದ ಕೆಳಗೆ ಇಡುವ ಪೇಸ್‌ಮೇಕರ್ ಎಂಬ ಉಪಕರಣವೇ ಬೇರೆ. ಸ್ಟೆಂಟ್ ಹಾಕಿಸಿಕೊಂಡವರು ಮೊಬೈಲ್ ಫೋನಿಗಾಗಲಿ, ಪಂಪ್‌ಸೆಟ್ಟಿನ ಮೋಟಾರಿಗಾಗಲಿ ಅಂಜಬೇಕಾಗಿಲ್ಲ. ಕೆಮ್ಮಿದರೆ, ಬಗ್ಗಿದರೆ ಅದು ಜಾರಿ ಬೀಳುವುದೆಂಬ ಭಯವೂ ನಿರಾಧಾರವಾದುದು. ಕೆಲವು ವಾರಗಳಿಂದ ತಿಂಗಳುಗಳ ಅವಧಿಯಲ್ಲಿ ಧಮನಿಯ ಒಳಪೊರೆಯೇ ಅದರ ಮೇಲೆ ಬೆಳೆದು, ಅದು ಗೋಡೆಯ ಭಾಗವೇ ಆಗಿಬಿಡುತ್ತದೆ.

ಈ ಚಿಕಿತ್ಸೆ ಒಂದೇ ದಿನದಲ್ಲಿ ಹುಟ್ಟಿದುದಲ್ಲ. ೧೯೭೭ರ ಸೆಪ್ಟೆಂಬರ್ ೧೬ರಂದು ಸ್ವಿಟ್ಜರ್‌ಲೆಂಡಿನ ಜೂರಿಚ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯರು ಎದೆಯನ್ನು ತೆರೆಯದೆ, ಸಣ್ಣ ಬೆಲೂನನ್ನು ಧಮನಿಯೊಳಗೆ ಉಬ್ಬಿಸಿ ಮೊದಲ ಬಾರಿಗೆ ಹೃದಯದ ಧಮನಿಯನ್ನು ಅಗಲಿಸಿದರು. ಆದರೆ ಬೆಲೂನಿನಿಂದ ಮಾತ್ರ ಅಗಲಿಸಿದಾಗ ಮೂವರಲ್ಲಿ ಸುಮಾರು ಒಬ್ಬರಿಗೆ ಆರು ತಿಂಗಳೊಳಗಾಗಿ ಅದೇ ಜಾಗ ಪುನಃ ಕಿರಿದಾಗುತ್ತಿತ್ತು. ೧೯೮೬ರಲ್ಲಿ ಫ್ರಾನ್ಸಿನ ಜಾಕ್ ಪ್ಯೂಎಲ್ ಹಾಗೂ ಸ್ವಿಟ್ಜರ್‌ಲೆಂಡಿನ ಉಲ್ರಿಚ್ ಸಿಗ್ವಾರ್ಟ್ ಎಂಬ ವೈದ್ಯರು ಲೋಹದ ಜಾಲರಿಯನ್ನು ಮನುಷ್ಯರ ಹೃದಯದ ಧಮನಿಯಲ್ಲಿ ಇಟ್ಟರು. ಆ ಬಳಿಕ, ಗಾಯದ ಮಾಂಸ ಅತಿಯಾಗಿ ಬೆಳೆದು ಜಾಲರಿಯನ್ನೇ ಮುಚ್ಚದಂತೆ ತಡೆಯುವ ಔಷಧಿಯನ್ನು ಲೇಪಿಸಿದ ಸ್ಟೆಂಟುಗಳು ಬಂದವು. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಈ ಔಷಧಲೇಪಿತ ಸ್ಟೆಂಟೇ.

ಅಳವಡಿಸುವ ವಿಧಾನ ಹೀಗಿದೆ. ಮಣಿಕಟ್ಟಿನ ಅಥವಾ ತೊಡೆಯ ಸಂದಿನ ಧಮನಿಗೆ, ಆ ಜಾಗವನ್ನು ಮಾತ್ರ ಮರಗಟ್ಟಿಸಿ, ತೆಳುವಾದ ನಳಿಕೆಯನ್ನು ತೂರಿಸುತ್ತಾರೆ. ರೋಗಿಗೆ ಎಚ್ಚರವಿರುತ್ತದೆ. ನಳಿಕೆಯ ಮೂಲಕ ಬಣ್ಣದ ದ್ರವವನ್ನು ಬಿಟ್ಟು ಕ್ಷ-ಕಿರಣದ ಪರದೆಯ ಮೇಲೆ ಧಮನಿಗಳನ್ನು ನೋಡುತ್ತಾರೆ. ಇದು ಆಂಜಿಯೋಗ್ರಾಮ್, ಅಂದರೆ ಪರೀಕ್ಷೆ. ಕಿರಿದಾದ ಜಾಗಕ್ಕೆ ಕೂದಲೆಳೆಯಂತಹ ತಂತಿಯನ್ನು ದಾಟಿಸಿ, ಅದರ ಮೇಲೆ ಬೆಲೂನನ್ನೂ ಬೆಲೂನಿಗೆ ಸುತ್ತಿದ ಜಾಲರಿಯನ್ನೂ ಒಯ್ದು, ಬೆಲೂನನ್ನು ಉಬ್ಬಿಸಿದಾಗ ಜಾಲರಿ ಅರಳಿ ಗೋಡೆಗೆ ಒತ್ತಿಕೊಳ್ಳುತ್ತದೆ. ಬೆಲೂನು ಹೊರಕ್ಕೆ ಬರುತ್ತದೆ. ಜಾಲರಿ ಅಲ್ಲಿಯೇ ಉಳಿಯುತ್ತದೆ. ಇದು ಆಂಜಿಯೋಪ್ಲಾಸ್ಟಿ, ಅಂದರೆ ಚಿಕಿತ್ಸೆ. ಹಲವು ಧಮನಿಗಳು ಹಲವು ಕಡೆ ಕೆಟ್ಟಿದ್ದರೆ ಜಾಲರಿಯ ಬದಲು ಬೈಪಾಸ್ ಶಸ್ತ್ರಚಿಕಿತ್ಸೆಯೇ ಮೇಲೆಂದು ವೈದ್ಯರು ಹೇಳಬಹುದು.

ಇಷ್ಟನ್ನು ತಿಳಿದ ಮೇಲೆ ದಂಪತಿಗಳು ಗ್ರಹಿಸಬೇಕಾದ ಮುಖ್ಯ ವಿಷಯವೊಂದಿದೆ. ಜಾಲರಿಯು ಕಾಲುವೆಯ ಒಂದು ಗೇಣು ಜಾಗವನ್ನು ಮಾತ್ರ ತೆರೆಯುತ್ತದೆ. ಅದನ್ನು ಹಾಕುವುದು ವೈದ್ಯರ ಕೆಲಸ. ಆದರೆ ಹಾಕುವುದಕ್ಕೆ ಮುಂಚಿನ ಗಂಟೆಗಳೂ, ಹಾಕಿದ ಮೇಲಿನ ವರ್ಷಗಳೂ ಗಂಡಹೆಂಡಿರ ಕೈಯಲ್ಲಿವೆ.

ಮುಂಚಿನ ಗಂಟೆಗಳು

ಧಮನಿ ಪೂರ್ತಿ ಮುಚ್ಚಿದ ಅರ್ಧ ಗಂಟೆಯಲ್ಲಿಯೇ ಹೃದಯದ ಸ್ನಾಯು ಸಾಯಲು ಆರಂಭವಾಗುತ್ತದೆ. ಸತ್ತ ಸ್ನಾಯು ಪುನಃ ಬೆಳೆಯದು. ನಮ್ಮ ಹಳ್ಳಿಗಳಲ್ಲಿ ಈ ಅಮೂಲ್ಯವಾದ ಸಮಯ ಹಾಳಾಗುವುದು ಬಹುಮಟ್ಟಿಗೆ "ಗ್ಯಾಸ್ ಆಗೇತಿ" ಎಂಬ ಒಂದು ಮಾತಿನಿಂದ. ಸೋಡಾ ಕುಡಿಸುವುದು, ಎದೆಗೆ ಎಣ್ಣೆ ತಿಕ್ಕುವುದು, ಬೆಳಗಾಗಲಿ ನೋಡೋಣವೆಂದು ಮಲಗಿಸುವುದು. ಇವುಗಳ ನಡುವೆ ರಾತ್ರಿ ಕಳೆದುಹೋಗುತ್ತದೆ. ಎದೆಯ ನಡುವೆ ಕಲ್ಲು ಹೇರಿದಂತಹ ಭಾರ, ಅದು ಎಡಗೈಗೆ, ದವಡೆಗೆ, ಬೆನ್ನಿಗೆ ಹಬ್ಬುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು ಇವು ಹದಿನೈದು ಇಪ್ಪತ್ತು ನಿಮಿಷ ನಿಂತರೆ ಅದು ಗ್ಯಾಸ್ ಎಂದು ಮನೆಯವರು ತೀರ್ಮಾನಿಸತಕ್ಕದ್ದಲ್ಲ.

ಹೆಂಗಸರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಅವರಲ್ಲಿ ಎದೆನೋವು ಅಷ್ಟು ಸ್ಪಷ್ಟವಾಗಿ ತೋರದೆ, ಬರೀ ಏದುಸಿರು, ವಾಕರಿಕೆ, ಹಿಂದೆಂದೂ ಇಲ್ಲದ ಸುಸ್ತು, ಬೆನ್ನುನೋವು ಮಾತ್ರ ಕಾಣಬಹುದು. ಸಿಹಿಮೂತ್ರ ರೋಗವುಳ್ಳವರಲ್ಲಿಯೂ, ಗಂಡಸರಿರಲಿ ಹೆಂಗಸರಿರಲಿ, ನೋವೇ ಇಲ್ಲದೆ ಹೃದಯಾಘಾತವಾಗುವುದುಂಟು. ಗಂಡನಿಗೆ ಎದೆನೋವೆಂದರೆ ಊರೇ ಸೇರಿ ಗಾಡಿ ಕಟ್ಟುತ್ತದೆ. ಹೆಂಡತಿ ಒಲೆಯ ಮುಂದೆ ಬೆವರಿ ಕುಳಿತರೆ "ಸ್ವಲ್ಪ ಅಡ್ಡಾಗು" ಎನ್ನುತ್ತಾರೆ. ಈ ಪದ್ಧತಿ ಬದಲಾಗತಕ್ಕದ್ದು.

ಬಾದಾಮಿ, ಹುನಗುಂದ, ಇಳಕಲ್ ತಾಲೂಕುಗಳ ಹಳ್ಳಿಯಿಂದ ಬಾಗಲಕೋಟೆಗೆ ಬರಲು ಒಂದು ಗಂಟೆಯಾದರೂ ಬೇಕು. ಹುಬ್ಬಳ್ಳಿ, ಬೆಳಗಾವಿಗಳು ಅದಕ್ಕೂ ಎಷ್ಟೋ ದೂರ. ಹೀಗಿರುವಾಗ ದೊಡ್ಡ ಊರಿಗೇ ಹೋಗಬೇಕೆಂದು ವಾಹನ ಹುಡುಕುತ್ತ ಕೂಡುವುದಕ್ಕಿಂತ, ೧೦೮ಕ್ಕೆ ಕರೆ ಮಾಡಿ ಮೊದಲು ತಾಲೂಕು ಆಸ್ಪತ್ರೆಯನ್ನು ಮುಟ್ಟುವುದು ಲೇಸು. ಕಾರಣವೇನೆಂದರೆ, ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಅಲ್ಲಿಯೇ ದೊರೆಯುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿ ಆಗಿದೆ. ೨೦೨೧ರ ಅಕ್ಟೋಬರ್ ೨೯ರಂದು ೪೬ನೆಯ ವಯಸ್ಸಿನಲ್ಲಿಯೇ ಹೃದಯಾಘಾತದಿಂದ ನಿಧನರಾದ ನಟ ಪುನೀತ್ ರಾಜಕುಮಾರ್ ಅವರ ಹೆಸರಿನಲ್ಲಿ ಸರ್ಕಾರವು ಹೃದಯ ಜ್ಯೋತಿ ಯೋಜನೆಯನ್ನು ನಡೆಸುತ್ತಿದೆ. ಯೋಜನೆಗೆ ಸೇರಿದ ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇ.ಸಿ.ಜಿ.ಯನ್ನು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂತಹ ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡಿ ಸಲಹೆ ನೀಡುತ್ತಾರೆ. ಅಗತ್ಯವಿದ್ದವರಿಗೆ ಟೆನೆಕ್ಟೆಪ್ಲೇಸ್ ಎಂಬ ಚುಚ್ಚುಮದ್ದನ್ನು ಉಚಿತವಾಗಿ ಕೊಡಲಾಗುತ್ತದೆ. ಹೊರಗೆ ಕೊಂಡರೆ ಇದರ ಬೆಲೆ ಹತ್ತಾರು ಸಾವಿರ ರೂಪಾಯಿ. ನೋವು ಆರಂಭವಾದ ಮೊದಲ ಮೂರು ಗಂಟೆಗಳಲ್ಲಿ ಇದರ ಪ್ರಯೋಜನ ಅತ್ಯಧಿಕ. ಹನ್ನೆರಡು ಗಂಟೆ ಕಳೆದ ಮೇಲೆ ಬಹಳ ಕಡಿಮೆ. ಚುಚ್ಚುಮದ್ದು ಪಡೆದ ಬಳಿಕ ಆಂಜಿಯೋಗ್ರಾಮಿಗಾಗಿ ಮುಂದಿನ ಆಸ್ಪತ್ರೆಗೆ ಕಳುಹಿಸುತ್ತಾರೆ, ಸಾಮಾನ್ಯವಾಗಿ ಒಂದು ದಿನದೊಳಗೆ. ಚುಚ್ಚುಮದ್ದಿನಿಂದ ನೋವು ಇಳಿಯಿತೆಂದು ಮನೆಗೆ ಮರಳಬಾರದು. ಹೆಪ್ಪು ಕರಗಿದರೂ ಹೂಳು ಅಲ್ಲಿಯೇ ಇರುತ್ತದೆ.

ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಈ ಚುಚ್ಚುಮದ್ದು ಇದೆಯೇ, ಬಾಗಲಕೋಟೆಯಲ್ಲಿ ಸ್ಟೆಂಟ್ ಹಾಕುವ ನೋಂದಾಯಿತ ಆಸ್ಪತ್ರೆ ಯಾವುದು ಎಂಬುದನ್ನು ಆಶಾ ಕಾರ್ಯಕರ್ತೆಯಿಂದಲೋ ವೈದ್ಯಾಧಿಕಾರಿಯಿಂದಲೋ ಇಂದೇ ಕೇಳಿ ತಿಳಿದುಕೊಳ್ಳಿ. ನೋವು ಬಂದ ರಾತ್ರಿ ವಿಚಾರಿಸುವ ವಿಷಯ ಇದಲ್ಲ.

ಎಲ್ಲ ನೋವಿಗೂ ಜಾಲರಿಯೇ?

ಹೃದಯಾಘಾತ ಆದವರಿಗೆ ಸಕಾಲದಲ್ಲಿ ಹಾಕಿದ ಜಾಲರಿ ಜೀವ ಉಳಿಸುತ್ತದೆ. ಇದರಲ್ಲಿ ಸಂದೇಹವಿಲ್ಲ. ಆದರೆ ನಾವು ಮೊದಲು ಹೇಳಿದ ಇನ್ನೊಂದು ಸ್ಥಿತಿ, ಅಂದರೆ ದುಡಿಯುವಾಗ ಮಾತ್ರ ಬಂದು ನಿಂತರೆ ಇಳಿಯುವ, ತಿಂಗಳುಗಟ್ಟಲೆ ಒಂದೇ ತೆರನಾಗಿರುವ ನೋವಿನ ವಿಷಯ ಬೇರೆ. ೨೦೦೭ರಲ್ಲಿ ಮತ್ತು ೨೦೨೦ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಲ್ಲಿ, ಇಂತಹ ಸ್ಥಿರ ರೋಗಿಗಳಿಗೆ ಒಳ್ಳೆಯ ಔಷಧೋಪಚಾರದ ಜೊತೆ ಮೊದಲಿಗೇ ಧಮನಿಯನ್ನು ತೆರೆದುದರಿಂದ ಸಾವಿನ ಪ್ರಮಾಣ ಕಡಿಮೆಯಾಗಲಿಲ್ಲ; ನೋವಿನ ಉಪಶಮನ ಮಾತ್ರ ಹೆಚ್ಚಾಗಿತ್ತು. ನೋವಿನಿಂದ ದುಡಿಮೆಯೇ ನಿಂತವನಿಗೆ ಅದೂ ಸಣ್ಣ ಲಾಭವಲ್ಲ. ಆದರೂ ಹೊಲ ಮಾರಿ, ಮಗ್ಗ ಒತ್ತೆಯಿಟ್ಟು ಜಾಲರಿ ಹಾಕಿಸುವ ಮುನ್ನ "ಇದು ತುರ್ತೇ? ಮಾತ್ರೆಗಳಿಂದ ನೋಡಬಹುದೇ? ಎಡಭಾಗದ ಮುಖ್ಯ ಧಮನಿ ಕೆಟ್ಟಿದೆಯೇ?" ಎಂದು ವೈದ್ಯರನ್ನು ಕೇಳುವುದು ನಿಮ್ಮ ಹಕ್ಕು, ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಅವಿಧೇಯತೆಯಲ್ಲ.

ಹಣದ ವಿಷಯ. ೨೦೧೭ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಸ್ಟೆಂಟಿಗೆ ಗರಿಷ್ಠ ಬೆಲೆಯನ್ನು ಗೊತ್ತುಪಡಿಸಿತು: ಲೇಪನವಿಲ್ಲದ್ದಕ್ಕೆ ೭,೨೬೦ ರೂಪಾಯಿ, ಔಷಧಲೇಪಿತಕ್ಕೆ ೨೯,೬೦೦ ರೂಪಾಯಿ. ಅದಕ್ಕೆ ಮೊದಲು ಔಷಧಲೇಪಿತ ಸ್ಟೆಂಟಿಗೆ ಲಕ್ಷ ರೂಪಾಯಿಗೂ ಮೀರಿ ತೆತ್ತವರಿದ್ದರು. ಅನಂತರ ಈ ದರ ಆಗಾಗ್ಗೆ ಪರಿಷ್ಕೃತವಾಗುತ್ತ ಬಂದಿದೆ. ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆ, ಕಂಪನಿ, ಬ್ಯಾಚ್ ಸಂಖ್ಯೆಗಳನ್ನು ಪ್ರತ್ಯೇಕವಾಗಿ ಕಾಣಿಸಬೇಕು. ಅದನ್ನು ಕೇಳಿ ಪಡೆಯಿರಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಉಚಿತ. ಉಳಿದವರಿಗೆ ಗೊತ್ತುಪಡಿಸಿದ ವೆಚ್ಚದ ಶೇಕಡಾ ೩೦ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಸಹಕಾರ ಸಂಘದ ಸದಸ್ಯರಾದ ರೈತರೂ ನೇಕಾರರೂ ಯಶಸ್ವಿನಿ ಯೋಜನೆಯ ಬಗ್ಗೆ ತಮ್ಮ ಸಂಘದಲ್ಲಿ ವಿಚಾರಿಸಬೇಕು.

ಹಾಕಿದ ಮೇಲಿನ ವರ್ಷಗಳು

ಮನೆಗೆ ಬಂದ ದಿನದಿಂದ ಎಲ್ಲಕ್ಕಿಂತ ದೊಡ್ಡ ಕರ್ತವ್ಯವೆಂದರೆ ಮಾತ್ರೆ ತಪ್ಪಿಸದಿರುವುದು. ಹೊಸ ಜಾಲರಿ ಶರೀರಕ್ಕೆ ಪರಕೀಯವಾದ ವಸ್ತು. ಒಳಪೊರೆ ಅದರ ಮೇಲೆ ಬೆಳೆಯುವವರೆಗೆ ರಕ್ತ ಅಲ್ಲಿ ಹೆಪ್ಪುಗಟ್ಟಲು ಹವಣಿಸುತ್ತದೆ. ಹೆಪ್ಪುಗಟ್ಟಿದರೆ ತೆರೆದ ಧಮನಿ ಕೆಲವೇ ನಿಮಿಷಗಳಲ್ಲಿ ಮುಚ್ಚಿ, ಮೊದಲಿನದಕ್ಕಿಂತಲೂ ತೀವ್ರವಾದ ಹೃದಯಾಘಾತವಾಗಬಹುದು; ಸಾವೂ ಸಂಭವಿಸಬಹುದು. ಇದನ್ನು ತಡೆಯಲೆಂದೇ ಎರಡು ಬಗೆಯ ಮಾತ್ರೆಗಳನ್ನು ಕೊಡುತ್ತಾರೆ: ಒಂದು ಆಸ್ಪಿರಿನ್, ಇನ್ನೊಂದು ಕ್ಲೋಪಿಡೋಗ್ರೆಲ್ ಅಥವಾ ಅದರ ಜಾತಿಯ ಬೇರೊಂದು. ಹೃದಯಾಘಾತದ ನಂತರ ಈ ಎರಡನ್ನೂ ಸಾಮಾನ್ಯವಾಗಿ ಒಂದು ವರ್ಷ, ಆಮೇಲೆ ಒಂದನ್ನು ಜೀವಮಾನವಿಡೀ ಸೇವಿಸಬೇಕಾಗುತ್ತದೆ. ಕೊಬ್ಬು ಇಳಿಸುವ ಮಾತ್ರೆಯೂ ದೀರ್ಘಕಾಲದ್ದೇ.

ನೋವಿಲ್ಲ, ಮೈ ಹಗುರಾಗಿದೆ, ಇನ್ನೇಕೆ ಮಾತ್ರೆ ಎಂದು ಮೂರನೆಯ ತಿಂಗಳಿಗೆ ಬಿಟ್ಟವರುಂಟು. ಶ್ರಾವಣದ ಉಪವಾಸವೆಂದು ಬಿಟ್ಟವರುಂಟು. ಉಪವಾಸ ಮಾಡಲೇಬೇಕೆಂದಿದ್ದರೆ ಮೊದಲೇ ವೈದ್ಯರನ್ನು ಕೇಳಿ. ಮಾತ್ರೆಗೆ ಮಾತ್ರ ಉಪವಾಸವಿಲ್ಲ. ಬನಶಂಕರಿಯ ಜಾತ್ರೆಗೆ, ಕೂಡಲಸಂಗಮಕ್ಕೆ, ಅಥವಾ ದುಡಿಮೆಗೆಂದು ಗೋವಾ, ಮಂಗಳೂರುಗಳಿಗೆ ಹೊರಡುವಾಗ ಎಷ್ಟು ದಿನದ ಪ್ರವಾಸವೋ ಅದಕ್ಕಿಂತ ಒಂದು ವಾರದಷ್ಟು ಹೆಚ್ಚು ಮಾತ್ರೆಗಳನ್ನು ಎಣಿಸಿ ಕಟ್ಟಿಕೊಳ್ಳಿರಿ. ಹಲ್ಲು ಕೀಳಿಸಬೇಕಾದರೆ, ಬೇರಾವ ಶಸ್ತ್ರಚಿಕಿತ್ಸೆ ಬಂದರೂ, ಸ್ಟೆಂಟ್ ಇರುವುದನ್ನು ಮೊದಲು ತಿಳಿಸಬೇಕು. ಆ ವೈದ್ಯರು ಮಾತ್ರೆ ನಿಲ್ಲಿಸಿ ಎಂದರೂ ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸಬಾರದು. ಕಪ್ಪು ಮಲ, ನಿಲ್ಲದ ರಕ್ತಸ್ರಾವ ಕಂಡರೆ ಮಾತ್ರೆಯನ್ನು ತಾವಾಗಿ ಬಿಡದೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.

ತಂಬಾಕಿನ ಬಗ್ಗೆ ಒಂದೇ ಮಾತು: ಬೀಡಿಯಾಗಲಿ, ಎಲೆಯೊಂದಿಗಿನ ತಂಬಾಕಾಗಲಿ, ಗುಟ್ಕಾ ಆಗಲಿ ಪೂರ್ತಿ ಬಿಡಬೇಕು, ಕಡಿಮೆ ಮಾಡಿದೆನೆಂಬುದು ಲೆಕ್ಕಕ್ಕೆ ಬಾರದು. ಊಟದಲ್ಲಿ ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ತರಕಾರಿಗಳಿರುವ ನಮ್ಮ ಭಾಗದ ಅಡುಗೆ ಹೃದಯಕ್ಕೆ ಹಿತವಾದುದೇ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಭಜಿಗಳೇ ಅದನ್ನು ಕೆಡಿಸುವುದು. ಅಮೀನಗಡದ ಕರದಂಟನ್ನು ಹಬ್ಬಕ್ಕೊಮ್ಮೆ ಒಂದು ತುಣುಕು ತಿಂದರೆ ಬಾಧಕವಿಲ್ಲ. ಸಿಹಿಮೂತ್ರವಿದ್ದವರು ಅದನ್ನೂ ಕೇಳಿಯೇ ತಿನ್ನಬೇಕು.

ಮಣಿಕಟ್ಟಿನಿಂದ ಜಾಲರಿ ಹಾಕಿದ್ದರೆ ಒಂದು ವಾರ ಆ ಕೈಯಿಂದ ಭಾರ ಎತ್ತಬಾರದು. ಹೃದಯಾಘಾತವಾದವರು ದಿನವೂ ನಡಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ, ತಜ್ಞರ ಮರುಪರೀಕ್ಷೆಯ ಬಳಿಕ ದುಡಿಮೆಗೆ ಮರಳಬಹುದು. ಇಳಕಲ್ಲಿನ ಕುಣಿಮಗ್ಗದಲ್ಲಿ ಕುಳಿತು ನೇಯುವವರು, ಗ್ರಾನೈಟ್ ಕಲ್ಲುಗಣಿಯಲ್ಲಿ ಬಂಡೆ ಸೀಳುವವರು, ನೇಗಿಲು ಹಿಡಿಯುವವರು ತಮ್ಮ ಕೆಲಸ ಯಾವ ಬಗೆಯದೆಂದು ವೈದ್ಯರಿಗೆ ವಿವರವಾಗಿ ಹೇಳಬೇಕು. "ಭಾರದ ಕೆಲಸ ಬೇಡ" ಎಂಬ ಸಲಹೆಯಿಂದ ಯಾವುದು ಭಾರ, ಯಾವುದು ಹಗುರ ಎಂಬುದು ತಿಳಿಯುವುದಿಲ್ಲ. ಕಲ್ಲಿನ ಧೂಳಿನಲ್ಲಿ ದುಡಿಯುವವರಿಗೆ ಏದುಸಿರು ಬಂದರೆ ಅದು ಶ್ವಾಸಕೋಶದ ರೋಗವೂ ಆಗಿರಬಹುದಾದ್ದರಿಂದ ಎರಡನ್ನೂ ಪರೀಕ್ಷಿಸಿಕೊಳ್ಳಬೇಕು.

ದಾಂಪತ್ಯ ಮತ್ತು ಸಂತಾನ

ಆಸ್ಪತ್ರೆಯಲ್ಲಿ ಯಾರೂ ಕೇಳದ, ಯಾರೂ ಹೇಳದ ವಿಷಯವಿದು. ಗಂಡನಿಗೆ ಜಾಲರಿ ಹಾಕಿದ ಮೇಲೆ ಹೆಂಡತಿ ಭಯದಿಂದ ಬೇರೆ ಕೋಣೆಯಲ್ಲಿ ಮಲಗುವುದೂ, ಗಂಡನು ತಾನು ಕೆಲಸಕ್ಕೆ ಬಾರದವನಾದೆನೆಂದು ಕೊರಗುವುದೂ ಅಪರೂಪವಲ್ಲ. ಈ ಭಯಕ್ಕೆ ಆಧಾರವಿಲ್ಲ. ಎರಡು ಅಂತಸ್ತಿನ ಮೆಟ್ಟಿಲುಗಳನ್ನು ಎದೆನೋವು, ಏದುಸಿರುಗಳಿಲ್ಲದೆ ಹತ್ತಬಲ್ಲವರು ದಾಂಪತ್ಯ ಸಂಬಂಧವನ್ನು ಪುನಃ ಆರಂಭಿಸಬಹುದು. ತೊಡಕಿಲ್ಲದ ಹೃದಯಾಘಾತದ ನಂತರ ಇದು ಕೆಲವೇ ವಾರಗಳಲ್ಲಿ ಸಾಧ್ಯವಾಗುತ್ತದೆ. ಆದರೆ ನಾಲಿಗೆಯ ಕೆಳಗೆ ಇಡುವ ಸಾರ್ಬಿಟ್ರೇಟಿನಂತಹ ಮಾತ್ರೆ ಬಳಸುವವರು ಪುರುಷತ್ವದ ಮಾತ್ರೆಗಳನ್ನು ಸರ್ವಥಾ ಸೇವಿಸಬಾರದು. ಎರಡೂ ಕೂಡಿದರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗಬಹುದು. ಇಂತಹ ಮಾತ್ರೆ ನುಂಗಿದ್ದರೆ ನಾಚಿಕೆ ಬಿಟ್ಟು ಆಸ್ಪತ್ರೆಯಲ್ಲಿ ಹೇಳಬೇಕು.

ಹೆಂಡತಿಗೆ ಜಾಲರಿ ಹಾಕಿದ್ದು, ಆಕೆ ಇನ್ನೂ ಹೆರುವ ವಯಸ್ಸಿನಲ್ಲಿದ್ದರೆ ಗರ್ಭಧಾರಣೆಯನ್ನು ಆಕಸ್ಮಿಕಕ್ಕೆ ಬಿಡಬಾರದು. ಗರ್ಭಕಾಲದಲ್ಲಿ ಹೃದಯದ ಹೊರೆ ಬಹಳ ಹೆಚ್ಚುತ್ತದೆ. ಅಲ್ಲದೆ ಆಕೆ ಸೇವಿಸುತ್ತಿರುವ ರಕ್ತದೊತ್ತಡದ ಕೆಲವು ಮಾತ್ರೆಗಳು ಗರ್ಭದ ಶಿಶುವಿಗೆ ಕೆಡುಕು ಮಾಡುತ್ತವೆ, ಕೊಬ್ಬಿನ ಮಾತ್ರೆಯನ್ನೂ ಸಾಮಾನ್ಯವಾಗಿ ನಿಲ್ಲಿಸಬೇಕಾಗುತ್ತದೆ. ಮಗು ಬೇಕೆಂದಿದ್ದರೆ ಮೊದಲು ಹೃದ್ರೋಗ ತಜ್ಞರನ್ನೂ ಪ್ರಸೂತಿ ತಜ್ಞರನ್ನೂ ಕಂಡು, ಔಷಧಿಗಳನ್ನು ಬದಲಿಸಿಕೊಂಡು ಮುಂದುವರಿಯಬೇಕು. ಬೇಡವೆಂದಿದ್ದರೆ, ಮಾಲಾ-ಎನ್ ನಂತಹ ನಿತ್ಯದ ಸಂಯುಕ್ತ ಮಾತ್ರೆ ಆಕೆಗೆ ಸಲ್ಲದು, ಅದು ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತದೆ. ಕಾಪರ್-ಟಿ ಹೃದಯಕ್ಕೆ ನಿರಪಾಯಕರವಾದರೂ ಎರಡು ಹೆಪ್ಪುನಿರೋಧಕ ಮಾತ್ರೆಗಳಿರುವಾಗ ಮುಟ್ಟಿನ ಸ್ರಾವ ಹೆಚ್ಚಬಹುದು. ಆದುದರಿಂದ ವೈದ್ಯಾಧಿಕಾರಿಗಳೊಡನೆ ಸಮಾಲೋಚಿಸಿ ನಿರ್ಧರಿಸಿರಿ. ಟ್ಯೂಬೆಕ್ಟಮಿಗಾಗಿ ಆ ಮಾತ್ರೆಗಳನ್ನು ಮೊದಲ ವರ್ಷದಲ್ಲಿ ನಿಲ್ಲಿಸುವುದಂತೂ ಕೂಡದು.

ಇಂತಹ ಮನೆಯಲ್ಲಿ ಶಸ್ತ್ರಚಿಕಿತ್ಸೆಯನ್ನು ಗಂಡನು ಮಾಡಿಸಿಕೊಳ್ಳುವುದೇ ಯೋಗ್ಯ. ಹೊಲಿಗೆಯಿಲ್ಲದ ವ್ಯಾಸೆಕ್ಟಮಿ ಕೆಲವೇ ನಿಮಿಷಗಳ ಕೆಲಸ. ಅದೇ ದಿನ ಮನೆಗೆ ಮರಳಬಹುದು, ಶಕ್ತಿಯಾಗಲಿ ಪುರುಷತ್ವವಾಗಲಿ ಕುಂದುವುದಿಲ್ಲ. ಆದರೆ ಅದರ ಫಲ ಕೂಡಲೇ ದೊರೆಯುವುದಿಲ್ಲವಾದ್ದರಿಂದ ಮೂರು ತಿಂಗಳವರೆಗೆ ನಿರೋಧ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಜಾಲರಿ ಗಂಡನಿಗೇ ಇದ್ದರೆ ವ್ಯಾಸೆಕ್ಟಮಿಯನ್ನು ಹೃದ್ರೋಗ ತಜ್ಞರು ಒಪ್ಪುವವರೆಗೆ ಮುಂದೂಡಿ, ಅಲ್ಲಿಯವರೆಗೆ ನಿರೋಧನ್ನೇ ಬಳಸಬೇಕು. ಇಬ್ಬರಲ್ಲಿ ಯಾರಿಗೇ ಆಗಿರಲಿ, ಆಸ್ಪತ್ರೆಯಲ್ಲಿ ಕೊಟ್ಟ ಬಿಡುಗಡೆ ಪತ್ರ ಮತ್ತು ಸ್ಟೆಂಟಿನ ಕಾರ್ಡನ್ನು ರೇಷನ್ ಕಾರ್ಡಿನ ಜೊತೆಗೆ ಒಂದೇ ಚೀಲದಲ್ಲಿಟ್ಟು, ಆ ಚೀಲ ಎಲ್ಲಿದೆಯೆಂಬುದನ್ನು ಮನೆಯ ಹಿರಿಯ ಮಗುವಿಗೂ ತೋರಿಸಿಡಿ.